ಆ ‘ಸ್ಥಳೀಯರು’ ನಾನೇ

ಸಂಪಾದಕರಿಗೆ,

ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರದ ಕಡೆ, ರೈಲ್ವೆ ಗೇಟಿನ ಹತ್ತಿರ ಮಾದಕ ಮದ್ದು ತಿಂದು ಬಿದ್ದಿದ್ದು ಆಮೇಲೆ ಸತ್ತ ಹುಡುಗನ ಸುದ್ದಿ ಮಂಗಳವಾರದ ಪತ್ರಿಕೆಯಲ್ಲಿ ಓದಿದೆ. ಸ್ಥಳೀಯರು ಆಸ್ಪತ್ರೆಗೆ ಸಾಗಿಸಿದರು ಅಂತ ಒಂದು ಸಾಲು ಉಂಟಲ್ಲ, ಆ ಸ್ಥಳೀಯರು ನಾನೇ. ಬಹುವಚನ ಯಾಕೆ ಹಾಕಿದಿರೋ ತಿಳಿಯದು. ಉಳಿದವರೆಲ್ಲ ದೂರ ನಿಂತು ವಿಡಿಯೋ ಮಾಡುತ್ತಿದ್ದರು.

ನಾನು ಅಂಗಡಿಯ ಶಟರ್ ಎಳೆಯುವಾಗ ಮೂರು ಹುಡುಗರು ಎರಡು ಬೈಕಿನಲ್ಲಿ ಹಾರಿ ಹೋದರು. ನಾಲ್ಕನೆಯವನು ಗೋಡೆಗೆ ಒರಗಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಲ್ಯಾಂಡ್‌ಮಾರ್ಕ್ ಹೇಳಿ ಹೇಳಿ ನನ್ನ ಹರಕು ಮಲಯಾಳ ಮುಗಿಯಿತು. ಓಮ್ನಿಯಿಂದ ಸಿಮೆಂಟ್ ಚೀಲ ಇಳಿಸಿ ಅವನನ್ನು ಮಲಗಿಸಿ ಮಂಗಳೂರಿಗೆ ಓಡಿಸಿದೆ. ಸ್ವಲ್ಪ ಮೊದಲು ತರಬೇಕಿತ್ತು ಎಂದರು ಡಾಕ್ಟರು. ಆ ಸ್ವಲ್ಪ ಮೊದಲು ಅವನ ಜೊತೆ ಇದ್ದವರು ಆ ಮೂವರೇ.

ಬಿದ್ದದ್ದು ಕೇರಳದಲ್ಲಿ, ಸತ್ತದ್ದು ಕರ್ನಾಟಕದಲ್ಲಿ. ಹಾಗಾಗಿ ನನಗೆ ಎರಡೂ ಕಡೆಯ ಪೊಲೀಸರ ಸತ್ಕಾರ. ಮಂಗಳೂರಿನಲ್ಲಿ ಬೆಳಗಿನ ಜಾವದವರೆಗೆ ಬೆಂಚು, ಇಲ್ಲಿ ಊರಿನಲ್ಲಿ ಮರುದಿನ ಸಂಜೆಯವರೆಗೆ ಬೆಂಚು. ಅವನ ಪರಿಚಯ ಹೇಗೆ? ಎಂಡಿಎಂಎ ಎಂಬ ಆ ಮಾದಕ ಮದ್ದು ಎಷ್ಟು ಗ್ರಾಂ ಇತ್ತು? ನನಗೆ ಗೊತ್ತಿರುವುದು ಮೊಳೆಯ ತೂಕ ಮಾತ್ರ ಸ್ವಾಮಿ. ಹೇಳಿಕೆ ಬರೆದುಕೊಂಡದ್ದು ಮಲಯಾಳದಲ್ಲಿ. ಓದಲು ಬರುವುದಿಲ್ಲ ಎಂದರೆ ‘ಸೈನ್ ಮಾಡಿ, ಅದರಲ್ಲಿ ಎಂತದೂ ಇಲ್ಲ’ ಎಂದರು. ಎಂತದೂ ಇಲ್ಲದ್ದಕ್ಕೆ ಮೂರು ಪುಟ! ಮೂರು ದಿನ ಅಂಗಡಿ ಬಂದ್. ಫೋನ್ ಅವರ ಹತ್ತಿರ. ಓಮ್ನಿಯೂ ‘ತನಿಖೆಗೆ ಬೇಕು’.

ಓಡಿಹೋದ ಹುಡುಗರನ್ನು ನಾನೂ ಮನಸಾರೆ ಬೈದೆ. ಈಗ ಅನಿಸುತ್ತಿದೆ, ಅವರೇ ಬುದ್ಧಿವಂತರು. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾನೂನಿನಲ್ಲಿ ಸೇವಿಸಿದ್ದಕ್ಕೇ ಜೈಲು ಉಂಟು, ಯಾವ ಮದ್ದು ಎಂಬುದರ ಮೇಲೆ ಆರು ತಿಂಗಳವರೆಗೆ ಇಲ್ಲವೇ ಒಂದು ವರ್ಷದವರೆಗೆ. ಚಟ ಹಿಡಿದವನು ತಾನಾಗಿ ಚಿಕಿತ್ಸೆಗೆ ಹೋದರೆ 64ಎ ಕಲಮಿನಲ್ಲಿ ರಿಯಾಯಿತಿ ಇದೆಯಂತೆ. ಆದರೆ ಸಾಯುವ ಗೆಳೆಯನನ್ನು ಹೊತ್ತು ತಂದ ಎಂಬ ಕಾರಣಕ್ಕೆ ಯಾರಿಗೂ ರಿಯಾಯಿತಿ ಇಲ್ಲ. ಮತ್ತೆ ಓಡದೆ ಇನ್ನೇನು ಮಾಡುತ್ತಾರೆ? ಅದೇ ಹುಡುಗನಿಗೆ ಹೈವೇಯಲ್ಲಿ ಟ್ಯಾಂಕರ್ ಗುದ್ದಿದ್ದರೆ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿನ ಪ್ರಕಾರ ಹೆಸರು ಹೇಳು ಎಂದು ನನ್ನನ್ನು ಒತ್ತಾಯಿಸುವ ಹಾಗೂ ಇರಲಿಲ್ಲ. ಟ್ಯಾಂಕರ್ ಗುದ್ದದೇ ಹೋದದ್ದು ನನ್ನ ಗ್ರಹಚಾರ.

ಮಾರಿದವನ ಕತೆ ಇನ್ನೂ ಚಂದ. ಎಂಡಿಎಂಎ ಅರ್ಧ ಗ್ರಾಂವರೆಗೆ ‘ಸಣ್ಣ ಪ್ರಮಾಣ’, ಹತ್ತು ಗ್ರಾಂ ದಾಟಿದರೆ ದೊಡ್ಡ ಕೇಸು. ಎಲ್ಲ ತಕ್ಕಡಿ ಲೆಕ್ಕ. ಅದನ್ನು ತಿಂದವನು ಸತ್ತರೆ ಮಾರಿದವನಿಗೆ ಇಷ್ಟು ಶಿಕ್ಷೆ ಎಂದು ಆ ಕಾನೂನಿನಲ್ಲಿ ಬೇರೆ ಕಲಮೇ ಇಲ್ಲ. 2024ರ ಜುಲೈ 1ರಿಂದ ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂತು. ನಂಬರುಗಳೆಲ್ಲ ಬದಲಾದವು. ಅಷ್ಟು ಕಾಗದ ಹಾಳು ಮಾಡುವಾಗ ಇದೊಂದು ಸಾಲು ಹಾಕಲು ಜಾಗ ಇರಲಿಲ್ಲವೇ?

ಹೇಳಿ ಪ್ರಯೋಜನವಿಲ್ಲ ಬಿಡಿ. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರಿಂದ ಹೇಳುತ್ತಲೇ ಇದ್ದೇವೆ, ಕನ್ನಡ ಬಲ್ಲ ಅಧಿಕಾರಿಯನ್ನು ಹಾಕಿ ಎಂದು. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ನಮಗೆ ಈಗಲೂ ಉಸಿರು ನಿಂತರೆ ಮಂಗಳೂರೇ ಗತಿ. ಆ ದಾರಿಗೂ 2020ರಲ್ಲಿ, ಕೊರೋನಾ ಎಂದು ಗಡಿ ಮುಚ್ಚಲು, ಮಣ್ಣು ಸುರಿದವರನ್ನು ನೋಡಿದ್ದೇವೆ. ಗೇಟಿನ ಹತ್ತಿರದ ಲೈಟು ಕೆಟ್ಟು ವರ್ಷ ಆಯಿತು. ಅರ್ಜಿ ಕೊಟ್ಟರೆ ಪಂಚಾಯತಿನವರು ರೈಲ್ವೆಯವರನ್ನು ತೋರಿಸುತ್ತಾರೆ, ರೈಲ್ವೆಯವರು ಪಂಚಾಯತಿನವರನ್ನು. ಆ ಕತ್ತಲಲ್ಲಿ ವ್ಯಾಪಾರ ಮಾತ್ರ ಸರಾಗ. ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂದರೆ ಶಾಲೆಯ ಮಕ್ಕಳ ಕೈಗೆ ಫಲಕ ಕೊಟ್ಟು ಮಳೆಯಲ್ಲಿ ನಿಲ್ಲಿಸುತ್ತಾರೆ. ಅಧಿಕಾರಿಗಳಿಗೆ ಕೊಡೆ, ಮಕ್ಕಳಿಗೆ ಶೀತ.

ಹೊತ್ತು ತಂದವರನ್ನು ಮುಟ್ಟುವುದಿಲ್ಲ ಎಂದು ಕಾನೂನು ಮಾಡಿ. ಆಗದಿದ್ದರೆ ಬಿದ್ದವರನ್ನು ಮುಟ್ಟಬಾರದು ಎಂದು ಬೋರ್ಡಾದರೂ ಹಾಕಿ, ಅದನ್ನಾದರೂ ಕನ್ನಡದಲ್ಲಿ ಬರೆಸಿ. ಮಾರಿದವನನ್ನು ಹಿಡಿಯಿರಿ, ಯಾರು ಎಂದು ಪೇಟೆಯ ನಾಯಿಗೂ ಗೊತ್ತು. ನಾಚಿಕೆ ಎಂಬುದಿದ್ದರೆ ನನ್ನ ಓಮ್ನಿಯನ್ನೂ ಬಿಟ್ಟುಕೊಡಿ. ಅದರ ಎಡಗಡೆಯ ಗ್ಲಾಸ್ ಪೂರ್ತಿ ಮುಚ್ಚುವುದಿಲ್ಲ, ಹೊರಗೆ ಮಳೆ ಸುರಿಯುತ್ತಿದೆ.

– ಒಬ್ಬ ಅಂಗಡಿಯವ, ಮಂಜೇಶ್ವರ ತಾಲೂಕು