ಜೂನ್ 1ರಿಂದ ಅಂಗಡೀಲಿ ಡ್ರಮ್ ಇರೋದಿಲ್ಲ, ಚೀಟಿ ಇರ್ತದೆ

ನಮಸ್ಕಾರ ಎಲ್ರಿಗೂ,

ಅಂಕೋಲಾದ ನಮ್ಮ ಮಹಿಳಾ ಸಂಘದ ಕಿರಾಣಿ ಅಂಗಡಿಯಿಂದ ಬರೀತಾ ಇದ್ದೇವೆ. ಕೌಂಟರ್ ಪಕ್ಕದ ನೀಲಿ ಡ್ರಮ್ಮಿಗೆ, ಕಷ್ಟದಲ್ಲಿರೋ ಮನೆಗಳಿಗೆ ಅಂತ ನೀವೆಲ್ಲ ಅಕ್ಕಿ-ಬೇಳೆ ಹಾಕಿ ಹೋಗ್ತಿದ್ರಲ್ಲ, ಅದನ್ನ ಜೂನ್ 1ರಿಂದ ತೆಗೀತೇವೆ. ಅದರ ಬದಲು ಚೀಟಿ, ಅಂದ್ರೆ ಅದನ್ನ ತಂದೋರು ದುಡ್ಡು ಕೊಡದೆ ಅಂಗಡೀಲಿ ಬೇಕಾದ ಸಾಮಾನು ಒಯ್ಯಬಹುದು. ಜೊತೆಗೆ ಮೆಂಬರ್‌ಗಳಿಗೆ ಎಣ್ಣೆ ಮೇಲೆ ಲೀಟರಿಗೆ 2 ರೂಪಾಯಿ ಬಿಡ್ತಿದ್ದದ್ದು ಆಗಸ್ಟ್ ಕೊನೆವರೆಗೆ ಇಲ್ಲ, ಆ ದುಡ್ಡು ಚೀಟಿ ಖಾತೆಗೆ ಹೋಗ್ತದೆ. ಕೆಲವರಿಗೆ ಸಿಟ್ಟು ಬರ್ತದೆ, ಗೊತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿರೋದು.

ಡ್ರಮ್ಮಿಗೆ ಬೀಳ್ತಿದ್ದದ್ದು ಹೆಚ್ಚಾಗಿ ಅಕ್ಕಿ, ಅದೂ ಸೊಸೈಟಿ ಅಕ್ಕಿ. ಯಾರ ಮನೆಗೆ ಹೋಗಬೇಕೋ ಅವ್ರ ಹತ್ರಾನೂ ಅದೇ ಅಕ್ಕಿ ಇರ್ತದೆ ಮಾರಾಯ್ರೇ! ಅನ್ನಭಾಗ್ಯದಲ್ಲಿ 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿ ಬದಲು ಕಿಲೋಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಅಕೌಂಟಿಗೆ ಬರ್ತಿತ್ತು, ಆ ದುಡ್ಡಲ್ಲಿ ನಮ್ಮಲ್ಲೇ ಬಂದು ಎಣ್ಣೆ, ತೊಗರಿಬೇಳೆ, ಮೆಣಸು ಒಯ್ಯೋರು, 2025ರಲ್ಲಿ ಅದು ನಿಂತು ಮತ್ತೆ ಅಕ್ಕಿನೇ ಕೊಡೋಕೆ ಶುರು ಮಾಡಿದ್ರು. ಅಕ್ಕಿ ಬೇಡ ಅಂತಲ್ಲ, ಗಂಜಿಗೆ ಅದೇ ಆಧಾರ. ಆದ್ರೆ ಬರೀ ಗಂಜಿ ಎಷ್ಟು ದಿನ ಕುಡೀತಾರೆ, ಮಕ್ಕಳಿರೋ ಮನೇಲಿ? ಡ್ರಮ್ಮಿನ ತಳದಲ್ಲಿ ಇನ್ನೆಂತ ಇರ್ತಿತ್ತು ಅಂದ್ರೆ ರಬ್ಬರ್ ಬ್ಯಾಂಡ್ ಹಾಕಿದ ಅರ್ಧ ಪ್ಯಾಕೆಟ್ ರವೆ, ಡೇಟ್ ಮುಗಿದ ನೂಡಲ್ಸ್, ಯಾರದೋ ಮನೆ ಶ್ರಾದ್ಧದಲ್ಲಿ ಉಳಿದ ಉದ್ದು. ಕೊಟ್ಟೋರ ಮನಸ್ಸು ಒಳ್ಳೇದೇ, ಆದ್ರೆ ಅದ್ರಲ್ಲಿ ಒಂದು ಹೊತ್ತಿನ ಸಾರು ಆಗೋದಿಲ್ಲ.

ಎರಡನೇದು ನಾಚಿಕೆ. ಪೇಟೇಲಿ ಬುಟ್ಟಿ ಇಟ್ಕೊಂಡು ಸೊಪ್ಪು ಮಾರೋ ಹಾಲಕ್ಕಿ ಸಮುದಾಯದ ಒಬ್ರು ಅಜ್ಜಿ ಬರ್ತಾರೆ, ಕೌಂಟರ್ ಖಾಲಿ ಆಗೋವರೆಗೆ ಬಾಗಿಲ ಹತ್ರ ಕೊಡೆ ಮಡಚೋದು, ಬಿಚ್ಚೋದು ಮಾಡ್ತಾ ನಿಲ್ತಾರೆ, ಡ್ರಮ್ಮಿಗೆ ಮಾತ್ರ ಕೈ ಹಾಕೋದಿಲ್ಲ, ಕೊನೆಗೆ ಹತ್ತು ರೂಪಾಯಿ ಮೆಣಸು ಕೊಂಡು ಹೋಗ್ತಾರೆ. ನಾಲ್ಕು ಜನರ ಎದುರು ಡ್ರಮ್ಮಿಂದ ತೆಗೀಬೇಕು ಅಂದ್ರೆ ನಾವಾದ್ರೂ ತೆಗೀತಿದ್ವಾ?

ಚೀಟಿ ಹೀಗೆ. ಆಯಾ ಕೇರೀಲಿರೋ ನಮ್ಮ ಸಂಘದೋರು, ಆಶಾ ಅಕ್ಕಂದಿರು, ಅಂಗನವಾಡಿ ಟೀಚರ್ ಇವ್ರನ್ನ ಕೇಳಿ ಚೀಟಿ ಮನೆಗೇ ಮುಟ್ಟಿಸ್ತೇವೆ. ಅದನ್ನ ತಂದೋರು ನಿಮ್ಮ ಹಾಗೇ ಬುಟ್ಟಿ ಹಿಡಿದು ಬೇಕಾದ್ದು ಆರಿಸ್ಕೊಳ್ತಾರೆ, ಎಣ್ಣೆನೋ, ಕಾಯಿನೋ, ಒಣಮೀನೋ, ಸೋಪೋ, ಅದು ಅವ್ರ ಇಷ್ಟ, ನಾವು ಕೇಳೋಕೆ ಹೋಗೋದಿಲ್ಲ. ಬಿಲ್ಲೂ ಎಲ್ಲರ ಹಾಗೇ. ಬೀಡಿ, ತಂಬಾಕು ಮಾತ್ರ ಚೀಟಿಗೆ ಸಿಗೋದಿಲ್ಲ.

ಜೂನೇ ಯಾಕೆ ಅಂದ್ರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ. ಬೋಟಲ್ಲಿ ಕೆಲಸ ಮಾಡೋರಿಗೆ ಪಾಲಿಲ್ಲ, ಮೀನು ಮಾರೋ ಅಕ್ಕಂದಿರ ಬುಟ್ಟಿ ಖಾಲಿ, ಐಸ್ ಹೊರೋರಿಗೂ ಕೆಲಸ ಇಲ್ಲ, ಗಾರೆ ಕೆಲಸ ಮಳೇಲಿ ನಿಂತಿರ್ತದೆ, ಅದೇ ಹೊತ್ತಿಗೆ ಮಕ್ಕಳಿಗೆ ಪಟ್ಟಿ-ಪುಸ್ತಕ. ಆಗಸ್ಟಲ್ಲಿ ಬೋಟ್ ಹೋದ ಕೂಡ್ಲೇ ಕೈಗೆ ದುಡ್ಡು ಬರೋದಿಲ್ಲ, ಮೊದ್ಲು ಮಳೆಗಾಲದ ಸಾಲ ತೀರಬೇಕು, ಹಾಗಾಗಿ ಆಗಸ್ಟ್ ಮುಗಿಯೋವರೆಗೆ ಚೀಟಿ ನಡೀತದೆ.

ಇನ್ನು ದುಡ್ಡಿನ ವಿಷಯ. ಬಿಲ್ 387 ಆದ್ರೆ 390 ಮಾಡ್ಲಾ ಅಂತ ಕೇಳ್ತೇವೆ, ಮೇಲಿನ 3 ರೂಪಾಯಿ ಚೀಟಿ ಖಾತೆಗೆ, ಬೇಡ ಅಂದ್ರೆ ಬೇಡ, ಮುಖ ನೋಡೋದಿಲ್ಲ. ಖಾತೆಗೆ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಪ್ರತಿ ಸೋಮವಾರ ಬೋರ್ಡಲ್ಲಿ ಬರೀತೇವೆ. ಯಾರಿಗೆ ಹೋಯ್ತು ಅಂತ ಬರೆಯೋದಿಲ್ಲ, ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರೂ ಹೇಳೋದಿಲ್ಲ, ಕಿಟ್ ಕೊಡೋ ಫೋಟೋ ಅಂತೂ ಇಲ್ವೇ ಇಲ್ಲ.

ಅಕ್ಕಿನೇ ಕೊಡಬೇಕು ಅನ್ನೋರು ಕುಚ್ಚಲಕ್ಕಿ ಇದ್ರೆ ತನ್ನಿ, ಹುಳ ಇಲ್ಲದ್ದು, ತೂಕ ಮಾಡಿ ರಶೀದಿ ಕೊಟ್ಟು ತಗೊಳ್ತೇವೆ. ನಿಮ್ಮ ಕೇರೀಲಿ ಒಲೆ ಹಚ್ಚೋದು ಕಷ್ಟ ಆಗಿರೋ ಮನೆ ಇದ್ರೆ ಮಧ್ಯಾಹ್ನ 2ರಿಂದ 4ರ ಒಳಗೆ ಬಂದು ಹೇಳಿ, ಆಗ ಗಿರಾಕಿ ಕಮ್ಮಿ.

ಇಂತಿ,
ಸಂಘದ ಅಂಗಡಿಯೋರು