ಸೋಲದೆ ಕೈತಪ್ಪಿದ ಎರಡು ಕಪ್‌ಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಮಗಳು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದ ಸುದ್ದಿ ಓದಿ ಮನೆಯಲ್ಲಿ ಎಲ್ಲರೂ ಸಂತೋಷಪಟ್ಟೆವು. ಅಮೆರಿಕದ ಹೆಣ್ಣುಮಕ್ಕಳು ಈ ಆಟದಲ್ಲಿ ಇಷ್ಟು ಮುಂದೆ ಬಂದದ್ದು ಹೇಗೆಂದು ಅವಳು ಕೇಳುತ್ತಿದ್ದಾಳೆ ಎಂದು ಬರೆದಿದ್ದೀಯ. ಅಷ್ಟು ದೊಡ್ಡ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಬದಲು, ನಾನು ಹತ್ತಿರದಿಂದ ನೋಡುತ್ತ ಬಂದ ಒಂದೇ ಪಂದ್ಯಾವಳಿಯ ಇತಿಹಾಸವನ್ನು ಬರೆಯುತ್ತೇನೆ. ನೀನು ಕಾಲೇಜಿನ ದಿನಗಳಲ್ಲಿ ನಮ್ಮ ಗೋಲ್ ಕೀಪರ್ ಆಗಿದ್ದವನಾದ್ದರಿಂದ ಈ ಕಥೆ ಅವಳಿಗಿಂತ ಹೆಚ್ಚಾಗಿ ನಿನಗೇ ಹಿಡಿಸಬಹುದು.

ನಾವಿರುವ ಕ್ಯಾರಿ ಊರು ನಾರ್ತ್ ಕ್ಯಾರೊಲಿನಾದ ರಾಜಧಾನಿ ರಾಲಿಗೆ ಅಂಟಿಕೊಂಡಂತಿದೆ. ಅಕ್ಟೋಬರ್ ಕಳೆದು ಮರಗಳ ಎಲೆ ಕೆಂಪಾಗುವ ಹೊತ್ತಿಗೆ, ಇಲ್ಲಿನ ಕನ್ನಡಿಗರು ರಾಜ್ಯೋತ್ಸವದ ತಯಾರಿಯಲ್ಲಿರುವಾಗಲೇ, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಮಹಿಳಾ ಪಂದ್ಯಾವಳಿ ಬರುತ್ತದೆ. ಎಷ್ಟೋ ವರ್ಷ ಅದರ ಕೊನೆಯ ಪಂದ್ಯಗಳು ನಮ್ಮೂರಿನ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿಯೇ ನಡೆದಿವೆ. ಕಾನ್ಫರೆನ್ಸ್ ಎಂದರೆ ಇಲ್ಲಿ ಸಭೆಯಲ್ಲ, ತಮ್ಮೊಳಗೆ ಆಡಲು ಒಪ್ಪಿಕೊಂಡ ವಿಶ್ವವಿದ್ಯಾಲಯಗಳ ಕೂಟ. ನಮ್ಮ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳನ್ನು ನೆನೆದರೆ ಅಂದಾಜು ಸಿಗುತ್ತದೆ. ಆದರೆ ಈ ಕೂಟಗಳು ದಶಕಗಳ ಕಾಲ ಹೆಚ್ಚು ಕಡಿಮೆ ಹಾಗೆಯೇ ಉಳಿಯುವುದರಿಂದ ನೆರೆಹೊರೆಯ ಹಳೆಯ ಪೈಪೋಟಿಗಳು ಅಲ್ಲಿ ಬೇರುಬಿಡುತ್ತವೆ. ಋತುವಿಡೀ ಆಡಿ ಮೇಲಿನ ಸ್ಥಾನ ಪಡೆದ ತಂಡಗಳು ಕೊನೆಗೆ, ಒಮ್ಮೆ ಸೋತರೆ ಮನೆಗೆ ಎನ್ನುವ ನಿಯಮದ ಪಂದ್ಯಾವಳಿಗೆ ಇಳಿಯುತ್ತವೆ. ಗೆದ್ದವರಿಗೆ 64 ತಂಡಗಳ ರಾಷ್ಟ್ರೀಯ ಸ್ಪರ್ಧೆಗೆ ನೇರ ಪ್ರವೇಶ. ಸಣ್ಣ ಕಾನ್ಫರೆನ್ಸುಗಳಿಗೆ ಬಹುಮಟ್ಟಿಗೆ ಇದೊಂದೇ ಬಾಗಿಲು. ಈ ಕಾನ್ಫರೆನ್ಸಿನ ಬಲಿಷ್ಠ ತಂಡಗಳಿಗೆ ಹೇಗಿದ್ದರೂ ಆಹ್ವಾನ ಬರುತ್ತದೆ. ಆದ್ದರಿಂದ ಅವರು ಇಲ್ಲಿ ಆಡುವುದು ಹೆಸರಿಗಾಗಿ, ಪಕ್ಕದೂರಿನವರ ಎದುರು ತಲೆಯೆತ್ತಿ ನಿಲ್ಲುವುದಕ್ಕಾಗಿ.

ಇದಕ್ಕೆಲ್ಲ ಅಡಿಪಾಯ ಹಾಕಿದ್ದು 1972ರ ಟೈಟಲ್ ನೈನ್ ಎಂಬ ಕಾನೂನು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು ಹೆಣ್ಣೆಂಬ ಭೇದ ಮಾಡಬಾರದು ಎಂದು ಅದು ವಿಧಿಸಿತು. ಅಮೆರಿಕನ್ ಫುಟ್‌ಬಾಲ್ ಒಂದಕ್ಕೇ 85 ವಿದ್ಯಾರ್ಥಿವೇತನಗಳು ಗಂಡುಮಕ್ಕಳ ಪಾಲಾಗುತ್ತಿದ್ದ ದೊಡ್ಡ ವಿಶ್ವವಿದ್ಯಾಲಯಗಳು ಆ ತಕ್ಕಡಿಯನ್ನು ಸರಿದೂಗಿಸಲು, ಹೆಚ್ಚು ಜನ ಆಡಬಲ್ಲ, ಕಡಿಮೆ ಖರ್ಚಿನ ಆಟವೊಂದನ್ನು ಹುಡುಕಿದವು. ನಾವು ಫುಟ್‌ಬಾಲ್ ಎನ್ನುವ, ಇಲ್ಲಿನವರು ಸಾಕರ್ ಎಂದು ಕರೆಯುವ ಆಟ ಅದಕ್ಕೆ ಸರಿಯಾಗಿ ಒದಗಿತು.

ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ 1979ರಲ್ಲಿ ತನ್ನ ಮಹಿಳಾ ತಂಡವನ್ನು ಆನ್ಸನ್ ಡೊರಾನ್ಸ್ ಎಂಬ ತರುಣನಿಗೆ ಒಪ್ಪಿಸಿತು. ಅವರು ಹುಟ್ಟಿದ್ದು 1951ರಲ್ಲಿ ನಮ್ಮ ಮುಂಬಯಿಯಲ್ಲಿ! ತಂದೆ ತೈಲ ಕಂಪನಿಯಲ್ಲಿದ್ದುದರಿಂದ ಬಾಲ್ಯವೆಲ್ಲ ಏಷ್ಯಾ, ಆಫ್ರಿಕಾ, ಯುರೋಪುಗಳಲ್ಲಿ ಕಳೆಯಿತು. ತಮ್ಮದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತರಬೇತುದಾರ ಡೀನ್ ಸ್ಮಿತ್ ಅವರಿಂದ ಡೊರಾನ್ಸ್ ಒಂದು ಪದ್ಧತಿಯನ್ನು ಕಲಿತರು. ಅಭ್ಯಾಸದ ಪ್ರತಿಯೊಂದು ಓಟವನ್ನೂ ಹೊಡೆತವನ್ನೂ ಅಳೆದು, ಆಟಗಾರ್ತಿಯರ ಸ್ಥಾನಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುವುದು. ಹೆಣ್ಣುಮಕ್ಕಳಿಗೆ ಪೈಪೋಟಿ ಒಗ್ಗದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಆ ಮೈದಾನದಲ್ಲಿ ಪ್ರತಿದಿನವೂ ಪೈಪೋಟಿಯೇ ಪಾಠವಾಗಿತ್ತು. 1982ರಲ್ಲಿ ಇಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮಹಿಳೆಯರ ರಾಷ್ಟ್ರೀಯ ಸ್ಪರ್ಧೆ ಆರಂಭವಾದಾಗ ಮೊದಲ ಕಪ್ ಎತ್ತಿದ್ದು ಚಾಪೆಲ್ ಹಿಲ್ ತಂಡವೇ.

ಹೀಗಿರುವಾಗ 1988ರಲ್ಲಿ ಕಾನ್ಫರೆನ್ಸಿನ ಮೊದಲ ಮಹಿಳಾ ಪಂದ್ಯಾವಳಿ ನಡೆಯಿತು. ಅದನ್ನು ಯಾರು ಗೆದ್ದರು ಎಂದು ಇಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಚಾಪೆಲ್ ಹಿಲ್ ಎನ್ನುತ್ತಾರೆ. ಗೆದ್ದದ್ದು ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ, ರಾಲಿಯ ಎನ್.ಸಿ. ಸ್ಟೇಟ್, ಅಂದರೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ. ಲ್ಯಾರಿ ಗ್ರಾಸ್ ಅದರ ತರಬೇತುದಾರರು. ಗಯಾನಾದಲ್ಲಿ ಹುಟ್ಟಿ, ಮುಂದೆ ಕೆನಡಾ ತಂಡದ ಮಹಾನ್ ಆಟಗಾರ್ತಿಯಾದ ಶಾರ್ಮೇನ್ ಹೂಪರ್ ಆಗ ಅಲ್ಲಿನ ವಿದ್ಯಾರ್ಥಿನಿ. ಚಾಪೆಲ್ ಹಿಲ್ ವಿರುದ್ಧದ ಫೈನಲ್ ಸಮನಾಗಿ ಮುಗಿದು ಪೆನಾಲ್ಟಿ ಶೂಟೌಟಿನಲ್ಲಿ ನಿರ್ಣಯವಾಯಿತು.

ಇಲ್ಲೊಂದು ನಿಯಮವನ್ನು ನೀನು ಗಮನಿಸಬೇಕು. ಇಲ್ಲಿನ ಕಾಲೇಜು ಸಾಕರ್‌ನಲ್ಲಿ ಶೂಟೌಟ್ ಯಾರು ಮುಂದೆ ಹೋಗಬೇಕು, ಯಾರಿಗೆ ಕಪ್ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ದಾಖಲೆಯಲ್ಲಿ ಪಂದ್ಯ ಡ್ರಾ ಎಂದೇ ಉಳಿಯುತ್ತದೆ. ಹೀಗಾಗಿ 1986ರಿಂದ 1990ರವರೆಗೆ 103 ಪಂದ್ಯಗಳಲ್ಲಿ ಸೋಲು ಕಾಣದ ಚಾಪೆಲ್ ಹಿಲ್‌ನ ದಾಖಲೆ, ನಡುವೆ ಒಂದು ಕಪ್ ಕಳೆದುಕೊಂಡರೂ, ಮುರಿಯಲಿಲ್ಲ. 1988ರಲ್ಲಿಯೇ ರಾಷ್ಟ್ರೀಯ ಫೈನಲ್‌ನಲ್ಲಿ ಇದೇ ಎರಡು ತಂಡಗಳು ಮತ್ತೆ ಎದುರಾದವು; ಚಾಪೆಲ್ ಹಿಲ್ 4-1ರಿಂದ ಲೆಕ್ಕ ಚುಕ್ತಾ ಮಾಡಿತು.

ಆಮೇಲೆ 1989ರಿಂದ 2003ರವರೆಗೆ ಸತತ 15 ವರ್ಷ ಕಾನ್ಫರೆನ್ಸ್ ಕಪ್ ಆ ಊರು ಬಿಟ್ಟು ಕದಲಲಿಲ್ಲ. ಅಮೆರಿಕ ತಂಡದ ತಾರೆಯರಾದ ಮಿಯಾ ಹ್ಯಾಮ್, ಕ್ರಿಸ್ಟಿನ್ ಲಿಲಿ, ಸಿಂಡಿ ಪಾರ್ಲೊ ಚಾಪೆಲ್ ಹಿಲ್ ಪರವಾಗಿ ಈ ಪಂದ್ಯಾವಳಿಯಲ್ಲಿ ಆಡಿ ಹೋದವರು. ಮಿಯಾ ಹ್ಯಾಮ್ ತನ್ನ ಕಾಲೇಜು ಜೀವನದ 95 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದನ್ನು. 1991ರಲ್ಲಿ ಚೀನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಅನ್ನು ಅಮೆರಿಕ ಗೆದ್ದಾಗ ತರಬೇತುದಾರರು ಡೊರಾನ್ಸ್ ಅವರೇ. ನಿನ್ನ ಮಗಳ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಇಲ್ಲಿದೆ: ಆ ತಂಡದ ಹಲವರು ಆಗಿನ್ನೂ ಕಾಲೇಜು ಹುಡುಗಿಯರು, ಅವರಿಗೆ ಪ್ರತಿ ಶರತ್ಕಾಲವೂ ಹೀಗೆ ಗುದ್ದಾಡಲು ನೆರೆಯೂರಿನ ಎದುರಾಳಿಗಳಿದ್ದರು.

ಹದಿನೈದು ವರ್ಷ ಒಬ್ಬರೇ ಗೆದ್ದರೆ ಪಂದ್ಯಾವಳಿ ಸಪ್ಪೆಯಾಗುವುದಿಲ್ಲವೇ ಎಂದು ನೀನು ಕೇಳಬಹುದು. ಬೆಟ್ಟ ಕಣ್ಣೆದುರಿಗೇ ಇದ್ದುದರಿಂದ ಏರುವವರು ಹುಟ್ಟಿದರು ಎಂದು ನನಗನ್ನಿಸುತ್ತದೆ. 1994ರಲ್ಲಿ ಪಕ್ಕದ ಡ್ಯೂಕ್ ವಿಶ್ವವಿದ್ಯಾಲಯ, ಋತುವಿನ ಪಂದ್ಯದಲ್ಲಿ 3-2ರಿಂದ ಅವರನ್ನು ಸೋಲಿಸಿ ಆಟದಲ್ಲಿಯೂ ಅವರನ್ನು ಮಣಿಸಬಹುದೆಂದು ತೋರಿಸಿತು. 2003ರಲ್ಲಿ 27 ಪಂದ್ಯ ಆಡಿ 27ನ್ನೂ ಗೆದ್ದ ಚಾಪೆಲ್ ಹಿಲ್, ಮರುವರ್ಷ ಕಾನ್ಫರೆನ್ಸ್ ಫೈನಲ್‌ನಲ್ಲಿ ಸ್ಟೀವ್ ಸ್ವಾನ್ಸನ್ ತರಬೇತಿಯ ವರ್ಜೀನಿಯಾಕ್ಕೆ ಕಪ್ ಬಿಟ್ಟುಕೊಟ್ಟಿತು. ಅದೂ ಶೂಟೌಟಿನಲ್ಲಿಯೇ! 2005ರಿಂದ 2009ರವರೆಗೆ ಮತ್ತೆ ಐದು ಕಪ್ ಗೆದ್ದರು. ಅಂದರೆ ಮೊದಲ 22 ಪಂದ್ಯಾವಳಿಗಳಲ್ಲಿ 20 ಅವರವು, ಉಳಿದೆರಡು ಪೆನಾಲ್ಟಿ ಗುರುತಿನಿಂದ ಹೊಡೆದ ಕೆಲವೇ ಚೆಂಡುಗಳಲ್ಲಿ ಹೋದವು. ಆ ಎರಡು ಸಂಜೆ ಎದುರಾಳಿ ತಂಡಗಳ ಕಂಬಗಳ ನಡುವೆ ನಿಂತ ಹುಡುಗಿಯರನ್ನು ನಾನು ಮಿಯಾ ಹ್ಯಾಮ್‌ಗಿಂತ ಕಡಿಮೆಯೆಂದು ಎಣಿಸಲಾರೆ.

2010ರಲ್ಲಿ ವೇಕ್ ಫಾರೆಸ್ಟ್ ಗೆದ್ದ ಮೇಲೆ ದಾರಿ ದಕ್ಷಿಣಕ್ಕೆ ತಿರುಗಿತು. 1995ರಲ್ಲಷ್ಟೇ ಮಹಿಳಾ ತಂಡ ಕಟ್ಟಿದ ಫ್ಲಾರಿಡಾ ಸ್ಟೇಟ್, ಮಾರ್ಕ್ ಕ್ರಿಕೋರಿಯನ್ ಅವರ ಕೈಯಲ್ಲಿ ಜಗತ್ತಿಗೇ ಬಾಗಿಲು ತೆರೆಯಿತು. ಜಪಾನಿನ ಮಾಮಿ ಯಾಮಾಗುಚಿ, ಐಸ್‌ಲ್ಯಾಂಡಿನ ದಾಗ್ನಿ, ಫಿನ್‌ಲ್ಯಾಂಡಿನ ನತಾಲಿಯಾ ಕೂಯ್ಕಾ, ವೆನಿಜುವೆಲಾದ ದೇಯ್ನಾ ಕಾಸ್ಟೆಯಾನೋಸ್ ಎಲ್ಲರೂ ಅಲ್ಲಿ ಓದಿ ಆಡಿದವರು. ಚೆಂಡನ್ನು ತಾಳ್ಮೆಯಿಂದ ಕಾಲಿನಿಂದ ಕಾಲಿಗೆ ಸಾಗಿಸುವ ಅವರ ಆಟಕ್ಕೂ, ಎದುರಾಳಿಯ ಮೇಲೆ ಮುಗಿಬೀಳುವ ಚಾಪೆಲ್ ಹಿಲ್ ಆಟಕ್ಕೂ ಅಜಗಜಾಂತರ. 2013ರಿಂದ 2016ರವರೆಗೆ ನಾಲ್ಕು, 2020ರಿಂದ 2023ರವರೆಗೆ ಮತ್ತೆ ನಾಲ್ಕು ಸತತ ಕಪ್‌ಗಳು ಅವರಿಗೆ ಸಂದವು.

2022ರ ಫೈನಲ್‌ಗೆ ನಾನು ಹೋಗಿದ್ದೆ. ಫ್ಲಾರಿಡಾ ಸ್ಟೇಟ್ 2-1ರಿಂದ ಚಾಪೆಲ್ ಹಿಲ್ ಅನ್ನು ಸೋಲಿಸಿತು. ಇಲ್ಲಿ ಗಡಿಯಾರ 45 ನಿಮಿಷದಿಂದ ಕೆಳಕ್ಕೆ ಎಣಿಸುತ್ತದೆ; ಕೊನೆಯ ಹತ್ತು ಸೆಕೆಂಡುಗಳನ್ನು ಧ್ವನಿವರ್ಧಕದಲ್ಲಿ ಹತ್ತು, ಒಂಬತ್ತು, ಎಂಟು ಎಂದು ಗಟ್ಟಿಯಾಗಿ ಎಣಿಸುವಾಗ ಹಿಂದೆ ಬಿದ್ದ ತಂಡದ ಹುಡುಗಿಯರು ಇನ್ನೂ ಓಡುತ್ತಲೇ ಇರುವುದನ್ನು ನೋಡಿದರೆ ಗಂಟಲು ಕಟ್ಟುತ್ತದೆ.

ಡೊರಾನ್ಸ್ 2024ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಚಾಪೆಲ್ ಹಿಲ್‌ನ ಮೈದಾನಕ್ಕೆ ಈಗ ಅವರದೇ ಹೆಸರು. ಅದೇ ವರ್ಷ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಹೆಸರಿನ ಈ ಕೂಟವನ್ನು ಸೇರಿತು. ವಿದ್ಯಾರ್ಥಿನಿಯರು ಪಾಠ ಬಿಟ್ಟು ಖಂಡದ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾರಿ ಬರುವುದು ನನಗೆ ಸರಿಕಾಣುವುದಿಲ್ಲ. 40 ಕಿಲೋಮೀಟರ್ ಅಂತರದ ಎರಡು ಊರುಗಳು ಈ ಪಂದ್ಯಾವಳಿಯನ್ನು ಆರಂಭಿಸಿದ್ದನ್ನು ನೆನೆದಾಗ ಆ ಬೇಸರ ಇನ್ನೂ ಹೆಚ್ಚುತ್ತದೆ.

ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಅವಳು ಯಾವ ಸ್ಥಾನದಲ್ಲಿ ಆಡುತ್ತಾಳೆಂದು ನೀನು ಬರೆಯಲೇ ಇಲ್ಲ. ಗೋಲ್ ಕೀಪರ್ ಆಗಿದ್ದರೆ 1988ರ ಆ ಫೈನಲ್ ಕಥೆಯನ್ನು ಮೊದಲು ಓದಿ ಹೇಳು. ಪೆನಾಲ್ಟಿ ಎದುರಿಸುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ನಾನು ನಿನ್ನನ್ನು ಕಾಲೇಜಿನಲ್ಲಿ ಒಮ್ಮೆಯೂ ಕೇಳಲಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆ.

ಇಂತು ನಿನ್ನ ಗೆಳೆಯ