ಮಾನಸಗಂಗೋತ್ರಿಯಲ್ಲಿರುವ ಮಗಳಿಗೆ

ಮಂಡ್ಯ

ಪ್ರೀತಿಯ ಪುಟ್ಟಿ,

ಅಟೆಂಡೆನ್ಸ್ ಕಮ್ಮಿಯಾಗಿದೆ ಅಂತ ನೀನೇ ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು. ರಾತ್ರಿ ಮೂರರವರೆಗೂ ಫೋನಲ್ಲಿ ಆ ಬಿಜಿಎಂಐ ಶೂಟಿಂಗ್ ಗೇಮ್ ಆಡಿ ಬೆಳಿಗ್ಗೆ ಏಳೋಕಾಗ್ತಿಲ್ಲ ಅಂದೆಯಲ್ಲ, ಅವತ್ತಿಂದ ನನಗೆ ಅದೇ ಯೋಚನೆ.

ಫೋನ್ ಕಿತ್ಕೋ ಅಂತಾರೆ ನಿಮ್ಮಪ್ಪ. ನಾನು ಒಪ್ಪಲ್ಲ ಕಣವ್ವ. ಹಬ್ಬಕ್ಕೆ ಬಂದಾಗ ನೀನು ಆಡೋದನ್ನ ಪಕ್ಕದ ರೂಮಿಂದ ಕೇಳಿಸ್ಕೊಂಡಿದ್ದೀನಿ. ಸ್ಕ್ವಾಡಿನ ಮೂವರಿಗೂ ಹಿಂದೆ ಬಾ, ಇಲ್ಲೇ ನಿಲ್ಲು ಅಂತ ಎಷ್ಟು ಗಟ್ಟಿಯಾಗಿ ಹೇಳ್ತಿದ್ದೆ! ಅದೇ ನೀನು ಸೆಮಿನಾರಲ್ಲಿ ನಾಲಿಗೆ ಹೊರಳಲ್ಲ ಅಂತೀಯ. ಬಿಎವರೆಗೂ ಕನ್ನಡದಲ್ಲೇ ಓದಿದವಳಿಗೆ ಒಮ್ಮೆಗೇ ಎಂಎ ಅರ್ಥಶಾಸ್ತ್ರವನ್ನ ಇಂಗ್ಲಿಷಲ್ಲಿ ಎದುರಿಸೋದು ಸಣ್ಣ ಕಷ್ಟವಲ್ಲ. ಕ್ಲಾಸಲ್ಲಿ ಕುಗ್ಗಿ ಕೂತವಳಿಗೆ ಆಟದಲ್ಲಿ ಮರ್ಯಾದೆ ಸಿಕ್ಕರೆ ಮನಸ್ಸು ಅತ್ತಲೇ ಎಳೆಯುತ್ತೆ. ಆಟವನ್ನ ಕಟ್ಟಿರೋದೂ ಹಾಗೇ. ಒಂದು ಮ್ಯಾಚು ಮುಗೀತಿದ್ದಂಗೆ ಇನ್ನೊಂದು, ದಿನಾ ಲಾಗಿನ್ ಆದರೆ ಬಹುಮಾನ, ಸೀಸನ್ ಮುಗಿದರೆ ರ‍್ಯಾಂಕ್ ಕೆಳಗೆ. ಜೊತೆಯವರು ಕಾಯ್ತಿದ್ದಾರೆ ಅನ್ನೋ ಮುಲಾಜು ಬೇರೆ.

ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡೋ ನನಗೆ ನಿದ್ದೆಗೆಟ್ಟ ಮನಸ್ಸು ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಬೇಜಾರಿಗೆ ಆಟ, ಆಟದಿಂದ ನಿದ್ದೆ ಹಾಳು, ನಿದ್ದೆಯಿಲ್ಲದೆ ಬೇಜಾರು ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಡಿಸಾರ್ಡರ್ ಕೂಡ ಇದೆ. ಇಷ್ಟು ಗಂಟೆ ಆಡಿದರೆ ಕಾಯಿಲೆ ಅಂತ ಅಲ್ಲಿ ಬರೆದಿಲ್ಲ. ಬೇಕೆಂದಾಗ ನಿಲ್ಲಿಸೋಕಾಗ್ತಿದೆಯಾ, ಊಟ ಓದು ಗೆಳತಿಯರಿಗಿಂತ ಆಟವೇ ಮುಂದಾಗಿದೆಯಾ, ಕೆಡ್ತಿದೆ ಅಂತ ಗೊತ್ತಿದ್ದೂ ಆಡ್ತಿದ್ದೀಯಾ, ಇದನ್ನ ನೋಡ್ತಾರೆ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಾಗೇ ನಡೆದಿದ್ದರೆ. ಆಡೋರೆಲ್ಲ ರೋಗಿಗಳಲ್ಲ. ನಿನಗೆ ಆ ಹೆಸರು ಅಂಟಿಸೋಕೂ ನಾನು ಹೋಗಲ್ಲ, ಅದು ಡಾಕ್ಟರ ಕೆಲಸ. ಆದರೆ ಆ ಪ್ರಶ್ನೆಗಳಿಗೆ ನಿನ್ನ ಮಟ್ಟಿಗೆ ನೀನು ನಿಜ ಹೇಳ್ಕೋ.

ಪೂರ್ತಿ ಬಿಡು ಅಂತಿಲ್ಲ. ಸದ್ಯಕ್ಕೆ ರಾತ್ರಿ ಹನ್ನೊಂದಾದ ಮೇಲೆ ಫೋನು ರೂಮ್‌ಮೇಟ್ ಹತ್ರ ಇರಲಿ. ಸ್ಕ್ವಾಡಿನವರಿಗೆ ಮೊದಲೇ ಹೇಳಿಬಿಡು. ತೀರಾ ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡು, ಅದು ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಇರೋ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಗೇಮು, ಫೋನಿನ ಗೀಳಿಗೇ ಅಂತ ಶಟ್ ಕ್ಲಿನಿಕ್ ಇದೆ.

ಈ ಭಾನುವಾರ ನನಗೆ ರಜ. ಬೆಳಗಿನ ರೈಲಿಗೆ ಬರ್ತೀನಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಮಾತಾಡೋಣ. ಡಾಕ್ಟರ ಹತ್ರ ಹೋಗೋಣ ಅಂತ ನಿನಗನ್ನಿಸಿದರೆ ಒಂದು ದಿನ ರಜ ಹಾಕಿ ಜೊತೆಗೆ ಬರ್ತೀನಿ. ನಾನು ಹೊರಗೇ ಕೂತಿರ್ತೀನಿ. ಒಳಗೆ ಏನು ಹೇಳಿದೆ ಅಂತ ನಾನೂ ಕೇಳಲ್ಲ, ನಿಮ್ಮಪ್ಪನಿಗೂ ಕೇಳೋಕೆ ಬಿಡಲ್ಲ.

ನಿನ್ನ
ಅಮ್ಮ